ಏಳನೆಯದು ಇಲ್ಲ

ಮರಿವಿಕ್ ಊರಿಗೆ ಹೊರಟ ದಿನ
ಅಕ್ಕಿಯ ಕುಕ್ಕರು ಹಾರಿಸನ ಹೆಂಡತಿಗೆ,
ಗುಲಾಬಿ ಛತ್ರಿ (ಇಲ್ಲಿ ಯಾತಕ್ಕೋ) ಬಕಾಲದ ಹುಡುಗನಿಗೆ,
ನನಗೆ ಒಂದು ರಟ್ಟಿನ ಪೆಟ್ಟಿಗೆ.
'ಹನ್ನೊಂದರವರೆಗೆ ಇವೆ. ಏಳನೆಯದು ಇಲ್ಲ.
ಬಲದಿಂದ ಓದು. ಬಾಗಿಲು ಹಾಕಿಕೊಂಡು ಓದು.'

ಸಾಲ್ಮಿಯಾದ ಈ ಕೋಣೆಗೆ ಬಾಗಿಲೆಲ್ಲಿ?
ಪ್ಲೈವುಡ್ಡಿನ ಆಚೆ ಇಬ್ಬರು ಮಲಯಾಳಿ ನರ್ಸುಗಳು,
ಈಚೆ ಒಂದರ ಮೇಲೊಂದು ಎರಡು ಮಂಚ:
ಮೇಲೆ ಉಳ್ಳಾಲದ ಮಿಸ್ರಿಯಾ, ಎಕ್ಸ್‌ರೇ ತೆಗೆಯುವವಳು,
ಕೆಳಗೆ ನಾನು, ಕನ್ನಡಕದ ಅಂಗಡಿಯವಳು,
ದಿನವಿಡೀ ಪರರ ಕಣ್ಣಿಗೆ ಗಾಜು ಕೂರಿಸಿ
ಸಂಜೆಗೆ ನನ್ನವೇ ಮಂಜು.

ಏನು ಓದ್ತೀಯ, ಎಂದು ಪ್ಲೈವುಡ್ಡು ಕೇಳಿತು ಒಮ್ಮೆ.
ಮಾಂಗಾ, ಅಂದೆ.
ಅವರ ಭಾಷೆಯಲ್ಲಿ ಮಾವಿನಕಾಯಿ ಅದು.
ಉಪ್ಪಿನಕಾಯಿಯ ಪುಸ್ತಕ ಎಂದುಕೊಂಡು
ಎಳ್ಳೆಣ್ಣೆಯ ಅಳತೆ ಹೇಳಿಕೊಟ್ಟರು.

ಬಲದಿಂದ ಓದುವುದು ಕಷ್ಟವಾಗಲಿಲ್ಲ.
ಆರು ವರ್ಷ ಈ ಬೀದಿಯ ಬೋರ್ಡುಗಳು
ಕಣ್ಣನ್ನು ಹಾಗೇ ತಿರುಗಿಸಿಬಿಟ್ಟಿವೆ.
ಒಬ್ಬಳು ಪಿಯಾನೊ ಶ್ರುತಿ ಮಾಡುವವಳು,
ಇನ್ನೊಬ್ಬಳದ್ದು ಬ್ರೆಡ್ಡಿನ ಅಂಗಡಿ.
ಮೂರು ಭಾಗ ಮುಗಿದರೂ ಕೈ ಹಿಡಿದಿಲ್ಲ ಮಹಾತಾಯಿಯರು!
ಚಿಲ್ಲರೆ ಕೊಡುವಾಗ ಬೆರಳಿಗೆ ಬೆರಳು ತಾಗಿದ್ದಕ್ಕೇ
ಇಡೀ ಒಂದು ಪುಟ ಬಿಳಿ ಬಿಟ್ಟಿದ್ದಾರೆ.
ಆ ಬಿಳಿಯಲ್ಲಿ ನಾನು ಇಪ್ಪತ್ತು ನಿಮಿಷ ಕೂತಿದ್ದೆ.

ಅಂಚಲ್ಲಿ ಗೀಚಿದ ಜಪಾನಿ ಸದ್ದುಗಳು
ಓದಲು ಬಾರವು. ನಾನೇ ಹಾಕಿಕೊಂಡೆ:
ಇಲ್ಲಿ ಡವಡವ, ಇಲ್ಲಿ ಸರ್ರಂತ, ಇಲ್ಲಿ ಚುರ್.
ಮಾತೂ ಅಷ್ಟೇ. ಗುಳ್ಳೆಯೊಳಗಿನ ಇಂಗ್ಲಿಷು
ನನ್ನೊಳಗೆ ಬಂದು ಒಡೆಯುವಾಗ
ಬ್ರೆಡ್ಡಿನವಳು ಕುಂದಾಪ್ರದವಳು:
'ಎಂತಕ್ಕೆ ಹೆಣೆ ಹಾಂಗ್ ಕಾಂಬುದು?'
ಶ್ರುತಿಯವಳು, ಯಾಕೋ, ಧಾರವಾಡದವಳು:
'ನೋಡಬಾರದೇನ? ನೋಡಾಕ ರೊಕ್ಕ ಕೊಡಬೇಕೇನ?'

ಆರನೆಯದರ ಕೊನೆಗೆ ಜಗಳ.
ಒದ್ದೆ ಪ್ಲಾಟ್‌ಫಾರಂ, ಒಬ್ಬಳ ಬೆನ್ನು, ರೈಲು.
ಎಂಟನೆಯದು ತೆರೆದರೆ
ಒಂದೇ ಲೋಟದಲ್ಲಿ ಎರಡು ಟೂತ್‌ಬ್ರಷ್ಷು!
ನಡುವೆ ಏನಾಯಿತು?

ತೌಜ್ ಎದ್ದ ಒಂದು ಶುಕ್ರವಾರ, ಕಿಟಕಿ ಅರಿಶಿನ ಬಣ್ಣ,
ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ ಮಲಗಿದ್ದೆ.
ಮೇಲಿಂದ ಮಿಸ್ರಿಯಾಳ ಕೈ ಇಳಿಯಿತು, ಬರಿಗೈ,
ಅಂಗೈ ಬಿಡಿಸಿಕೊಂಡು:
'ಏಳನೆಯದು ಎಲ್ಲುಂಟು?'

ಎದೆ ಡವಡವ. ಈ ಸದ್ದು ಯಾರೂ ಗೀಚಿದ್ದಲ್ಲ.
ನನ್ನ ದಿಂಬಿನಡಿಯದ್ದು,
ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದು,
ಯಾವಾಗಿನಿಂದ ಓದುತ್ತಿದ್ದಾಳೆ?
ನಾಲ್ಕನೆಯದರಲ್ಲಿ ಸಿಕ್ಕ ಕಪ್ಪು ಹೇರ್‌ಪಿನ್ನು
ಮರಿವಿಕ್‌ಳದೆಂದು ನಾನು ಮರಳಿ ಅಲ್ಲೇ ಇಟ್ಟಿದ್ದೆ.

ಇಲ್ಲ, ಅಂದೆ. ಏಳನೆಯದೇ ಇಲ್ಲ.
'ಮತ್ತೆ ಅವರು ರಾಜಿ ಆದದ್ದು ಹೇಗೆ?'

ದೀಪ ಆರಿಸಿದ ಮೇಲೆ ಅವಳೇ ಶುರು ಮಾಡಿದಳು:
ರೈಲು ಹೊರಡಲಿಲ್ಲ, ಎಂಜಿನ್ ಕೆಟ್ಟಿತು.
ನಾನು ಒಪ್ಪಲಿಲ್ಲ. ರೈಲು ಹೋಗಲಿ,
ಬ್ರೆಡ್ಡಿನವಳಿಗೆ ಜ್ವರ ಬರಲಿ, ಅಂಗಡಿ ಮುಚ್ಚಲಿ.
'ಜ್ವರ ಎಲ್ಲ ಹಳೇ ಸಿನಿಮಾದ್ದು ಮಾರಾಯ್ತಿ.
ಒಂದು ಎಕ್ಸ್‌ರೇ ತೆಗೆಸು. ಎಲುಬು ಸುಳ್ಳು ಹೇಳುದಿಲ್ಲ.'

ರಾತ್ರಿಗೊಂದು ಏಳನೆಯದು.
ಒಂದರಲ್ಲಿ ಪತ್ರ, ಒಂದರಲ್ಲಿ ಬೆಕ್ಕು,
ಒಂದರಲ್ಲಿ ಯಾರೂ ಏನೂ ಹೇಳದೆ
ಸೀದ ಬ್ರೆಡ್ಡನ್ನು ಇಬ್ಬರೂ ತಿಂದು ಮುಗಿಸುತ್ತಾರೆ.
ಅದು ಮಿಸ್ರಿಯಾಳದ್ದು. ಅದನ್ನು ಕೇಳಿ ನಾನು
ಗೋಡೆಯ ಕಡೆ ತಿರುಗಿದೆ.

ನಿನ್ನೆ ಮೊಬೈಲಿನಲ್ಲಿ ಸಿಕ್ಕಿತು, ಅಸಲಿ ಏಳನೆಯದು,
ನಾಲ್ಕೂವರೆ ದಿನಾರು, ಹತ್ತು ದಿನದಲ್ಲಿ ಮನೆಗೆ.
ತರಿಸಲಾ, ಎಂದು ಮೇಲಕ್ಕೆ ಕೇಳಿದೆ.
ಎಸಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು.
ಪ್ಲೈವುಡ್ಡಿನಾಚೆ ಯಾರೋ ಕೆಮ್ಮಿದರು.
'ಈ ತಿಂಗಳು ಬೇಡ,' ಅಂದಳು.
'ಮೊನ್ನೆಯ ಬೆಕ್ಕು ಇನ್ನೂ ಮರದ ಮೇಲೇ ಉಂಟು.
ಮೊದಲು ಅದನ್ನು ಇಳಿಸು.'