ಎಂಬತ್ತನೆಯ ದಿನ

ಗಂಡಾದರೆ ನಲವತ್ತಕ್ಕೆ, ಹೆಣ್ಣಾದರೆ ಎಂಬತ್ತಕ್ಕೆ
ದೀಕ್ಷಾಸ್ನಾನ. ಇಲ್ಲಿಯ ಲೆಕ್ಕ.
ಎಪ್ಪತ್ತೊಂಬತ್ತು ರಾತ್ರಿ
ಬಂಡೆಯ ಕಡೆಗೆ ಬೆನ್ನು ಮಾಡಿ ಮಲಗಿದೆ.
ಕಿಟಕಿಯಿಲ್ಲದ ಗೋಡೆಯಾಚೆ ಅದು
ನಿಂತೇ ಇತ್ತು, ಕೆಂಪಗೆ,
ಸಾಲ ಕೊಟ್ಟವನ ಹಾಗೆ.

ತಿಗ್ರಾಯ್‌ನ ಈ ಕಣಿವೆಯ ಹಿಂದಿನವರು
ದೇವರಿಗೆ ಬಯಲಲ್ಲಿ ಮನೆ ಕಟ್ಟಲಿಲ್ಲ.
ಹದ್ದು ಮೊಟ್ಟೆಯಿಡಲು ಹಿಂಜರಿಯುವ ಎತ್ತರದಲ್ಲಿ
ಕಲ್ಲಿನ ಹೊಟ್ಟೆ ಬಗೆದು
ಕಂಬ, ಕಮಾನು, ಅಗಲ ಕಣ್ಣಿನ ಸಂತರನ್ನಿಟ್ಟರು.
ಶತ್ರುಗಳಿಗೆ ಹೆದರಿ, ಅನ್ನುತ್ತಾರೆ ಕೆಲವರು.
ಇರಬಹುದು. ಹೆದರಿದವರು ಕಟ್ಟಿದ ಮನೆಗೇ
ಹೆದರಿದವಳು ಹೊರಟೆ.

ಅತ್ತೆ ಲೆತೆಬ್ರಹಾನ್ ಕವಡೆ ಹೊಲಿದ ತೊಗಲಿನ ಜೋಳಿಗೆಯಲ್ಲಿ
ಮಗುವನ್ನು ನನ್ನ ಬೆನ್ನಿಗೆ ಬಿಗಿದರು.
"ಬಿದ್ದವರನ್ನು ಅರ್ಧದಲ್ಲೇ ಗಾಳಿ ಹಿಡಿದು
ಮತ್ತೆ ಬಂಡೆಯ ಮೇಲಿಡುತ್ತದೆ" ಎಂದರು.
"ನೋಡಿದ್ದೀರಾ?"
"ಇಲ್ಲ. ಹತ್ತುವಾಗ ನಾನು
ನನ್ನ ಹೆಬ್ಬೆರಳನ್ನಷ್ಟೇ ನೋಡುತ್ತೇನೆ."

ಚಪ್ಪಲಿ ಬುಡದಲ್ಲಿ ಬಿಟ್ಟೆವು. ಬರಿಗಾಲಿನವರಿಗಷ್ಟೇ ಆ ದಾರಿ.
ನನ್ನವು ಪ್ಲಾಸ್ಟಿಕ್ಕಿನವು, ಹಸಿರು,
ಎಡಗಾಲಿನದಕ್ಕೆ ತಂತಿಯ ಹೊಲಿಗೆ.
ಅಣ್ಣ ಗೆಬ್ರೆಕಿದಾನ್ ಯುದ್ಧದ ವರ್ಷ
ಕಾಳು ತರುತ್ತೇನೆಂದು ಬರಿಗಾಲಲ್ಲೇ ಹೋದ.
ಅವನ ಚಪ್ಪಲಿ ಬಾಗಿಲಲ್ಲಿ ಎರಡು ಮಳೆಗಾಲ ಕಾದವು.

ಮೊದಲ ಬಂಡೆ. ಕಾಲಿಡಲು ಗುಳಿಗಳು,
ಒಂದೊಂದು ಹಿಡಿಯಷ್ಟು, ನುಣುಪು.
ಉಳಿಯಿಂದಲ್ಲ, ಕಾಲ್ಬೆರಳಿಂದ ಸವೆದದ್ದು.
ಎಷ್ಟು ತಲೆಮಾರಿನ ಬಾಣಂತಿಯರೋ
ಇಲ್ಲೇ ನಡುಗಿ, ಇಲ್ಲೇ ಬೆರಳೂರಿ
ನನಗೊಂದು ಮೆಟ್ಟಿಲು ಮಾಡಿಟ್ಟಿದ್ದರು.

ಮೂರನೆಯ ತಿರುವಿನಲ್ಲಿ ಮೊಣಕಾಲು ಕೈಕೊಟ್ಟಿತು.
ಎಡಕ್ಕೆ ಬಂಡೆ. ಬಲಕ್ಕೆ ಏನೂ ಇಲ್ಲ.
ಆ ಏನೂ ಇಲ್ಲದ್ದರ ತಳದಲ್ಲಿ
ಒಂದು ಟೆಫ್ ಹೊಲ, ಕಡಲೆಕಾಳಿನಷ್ಟು ಕತ್ತೆ.
ಪ್ರಾರ್ಥನೆ ಬಾಯಿಗೆ ಬರಲಿಲ್ಲ.
ಕರ್ತನ ಹೆಸರು ಕೂಡ ಅರ್ಧ ಬಂದು
ಗಂಟಲಲ್ಲಿ ಕೂತಿತು.
"ಮುಂದೆ ಹೋಗಲಾರೆ."
"ಹಿಂದಕ್ಕೆ?" ಎಂದರು ಅತ್ತೆ.
ಅದೂ ಆಗದು.

ಆಗ ಕತ್ತಿನ ಹಿಂದೆ ಚುರ್ರೆಂದಿತು.
ಮಗು ಎದ್ದಿತ್ತು. ನನ್ನ ಜಡೆಯೊಂದನ್ನು ಮುಷ್ಟಿಯಲ್ಲಿ ಹಿಡಿದು
ಜಗ್ಗುತ್ತಿತ್ತು, ಮನೆಯಲ್ಲಿ ಜಗ್ಗುವ ಹಾಗೆಯೇ,
ಪಾತಾಳದ ಮೇಲೆ ಆಕಳಿಸುತ್ತ.
ಹಿಡಿದುಕೊಂಡಿದ್ದೇನೆ ಅಂದುಕೊಂಡಿದ್ದಳು ಹುಡುಗಿ.
ಅವಳು ಹಿಡಿದದ್ದು ನನ್ನ ಕೂದಲು.
ಅವಳನ್ನು ಹಿಡಿದದ್ದು ಕೂದಲಲ್ಲ.

ನಗು ಬಂತು. ನಡುಕದ ನಡುವೆಯೇ ಬಂತು.
ಇಷ್ಟು ದಿನ ನಾನೂ ಇಷ್ಟೇ ಮಾಡಿದ್ದು:
ಕಾಣದವನ ಕೂದಲಿಗೆ ಜೋತುಬಿದ್ದು
ಬಿಟ್ಟರೆ ಸತ್ತೆ, ಬಿಟ್ಟರೆ ಸತ್ತೆ ಎಂದು.

ಬೆರಳು ಗುಳಿ ಹುಡುಕಿತು. ಗುಳಿ ಇತ್ತು.
ಮುಂದಿನದೂ ಇತ್ತು.

ಮೇಲೆ ಕತ್ತಲು, ಮೇಣದ ವಾಸನೆ,
ಒಂದು ಕಣ್ಣಿಗೆ ಪೊರೆ ಬಂದ ಪಾದ್ರಿ ಕೆಶಿ ತೆವೆಲ್ಡೆ.
"ಭಯ ಹೋಯಿತೇ?"
"ಇಲ್ಲ."
"ನನಗೂ ಹೋಗಿಲ್ಲ. ನಲವತ್ತು ವರ್ಷ ದಿನವೂ ಜೊತೆಗೇ ಹತ್ತುತ್ತದೆ.
ಆದರೆ ನೋಡು, ನನಗಿಂತ ಮುಂಚೆ ಅದಕ್ಕೆ ಸುಸ್ತಾಗುತ್ತದೆ."

ತಣ್ಣೀರು ಬಿದ್ದಾಗ ಮಗು ಚೀರಿದ ಚೀರಿಗೆ
ಗೂಡಿನ ಪಾರಿವಾಳಗಳೆಲ್ಲ ಹಾರಿದವು.
ವೆಲೆತೆ ಮರಿಯಂ ಎಂದು ಹೆಸರು. ಮರಿಯಳ ಮಗಳು.
ಅಣ್ಣನನ್ನು ಯಾವ ಗಾಳಿ ಹಿಡಿಯಿತು ಎಂದು
ಕೇಳಬೇಕೆಂದೇ ಬಂದಿದ್ದೆ. ಕೇಳಲಿಲ್ಲ.
ಬಾಗಿಲಿಂದ ಕಂಡ ಕಣಿವೆ ಅಷ್ಟು ದೊಡ್ಡದು.
ಅವನೂ ಯಾವುದೋ ಬೆನ್ನಿಗೆ ಬಿಗಿದುಕೊಂಡಿರಬಹುದು,
ನನಗೆ ಕಾಣದ ಬದಿಯಲ್ಲಿ.

ಇಳಿದೆವು. ಸಮನೆಲ ಮುಟ್ಟಿದ ಮೇಲೆ
ಕಾಲು ಗಡಗಡ ನಡುಗತೊಡಗಿತು,
ಅಲ್ಲಿಯವರೆಗೆ ಅದಕ್ಕೆ ಪುರುಸೊತ್ತಿರಲಿಲ್ಲವೆಂಬಂತೆ.
ಹಸಿರು ಚಪ್ಪಲಿ ಇದ್ದಲ್ಲೇ ಇದ್ದವು, ಬಿಸಿಲಿಗೆ ಕಾದು.
ಮೆಟ್ಟಿಕೊಂಡೆ.
ನಿದ್ದೆಯಲ್ಲಿ ಮಗಳು ಮುಷ್ಟಿ ಸಡಿಲಿಸಿ
ಜಡೆ ಬಿಟ್ಟಳು.
ಬೀಳಲಿಲ್ಲ.