ಎರಡು ಬೆರಳು

ಗದಗಿನ ಗುಜರಿಯಲ್ಲಿ ತೂಕಕ್ಕೆ ಕೊಂಡ ಗಾಡಿ.
ಕಾಗದ ಕೇಳಿದರೆ ಮೌಲಾಸಾಬ ನಕ್ಕ:
"ಸತ್ತ ಎಮ್ಮಿಗೆ ಜಾತಕ ಯಾಕ್ರಿ?"

ಸೀಮೆಎಣ್ಣೆ ಹಚ್ಚಿ ಚಾಸಿ ತಿಕ್ಕಿದೆ.
ಲಗ್ನಪತ್ರಿಕೆಯ ಬೆನ್ನಿಗೆ ಪೆನ್ಸಿಲ್ ಉಜ್ಜಿದಾಗ
ಎದ್ದು ಬಂದದ್ದು ನಾಲ್ಕೇ ಅಂಕಿ,
ಅದರಲ್ಲೂ ಒಂದು ಮೂರೋ ಎಂಟೋ.
ಆರ್‌ಟಿಓ ಗುಮಾಸ್ತ ಕನ್ನಡಕ ಕೂಡ ಏರಿಸಲಿಲ್ಲ.

ಕಪ್ಪು ಕೆರೆದರೆ ಹಸಿರು, ಹಸಿರಿನಡಿ ಕೆಂಪು,
ಕೆಂಪಿನಡಿ ಬರೀ ತಗಡು.

ಬ್ರೇಕಿನ ಪೆಡಲ್ ಮೇಲೆ ಮಾತ್ರ
ಯಾರೋ ಬೆಸೆಸಿದ ಕಬ್ಬಿಣದ ತುಂಡು,
ಎರಡು ಬೆರಳೆತ್ತರ,
ತುಳಿತುಳಿದು ನುಣುಪಾದದ್ದು.

ಬೆಟಗೇರಿಯಲ್ಲಿ ಚಪ್ಪಲಿ ಹೊಲಿಯುವ ಯಮನೂರಪ್ಪ
ಅದರ ಮೇಲೆ ಹೆಬ್ಬೆರಳಾಡಿಸಿ
ಕಣ್ಣು ಮುಚ್ಚಿದ:

"ಬಲಗಾಲು.
ಮೂವತ್ತು ವರ್ಷ ನಾನ ಅಟ್ಟಿ ಏರಿಸಿ ಕೊಟ್ಟೇನಿ.
ಹೆಸರು ಬ್ಯಾರೆ ಯಾರನ್ನರ ಕೇಳ್ರಿ."