ಕುಜ್ನೆತ್ಸೋವ್ ಅಂದರೆ

ಗೇಟಿನಲ್ಲಿ ಪಾಸು ಬರೆಯುವ ಕೆಲಸ ನನ್ನದು, ಅರಗಾದಲ್ಲಿ.
ಅವತ್ತು ಒಂದೇ ವ್ಯಾನಿನಿಂದ ಮೂರು ಕುಜ್ನೆತ್ಸೋವ್ ಇಳಿದರು.
ಒಬ್ಬ ತೆಂಗಿನಮರದಷ್ಟು, ಒಬ್ಬ ಅವನ ಕಂಕುಳಷ್ಟು,
ಮೂರನೆಯವಳು ದುಭಾಷಿ, ಲಿದಿಯಾ.
ಹೆಣ್ಣಾದ್ದಕ್ಕೆ ಹೆಸರಿನ ಬಾಲಕ್ಕೊಂದು ದೀರ್ಘ ಹೆಚ್ಚು:
ಕುಜ್ನೆತ್ಸೋವಾ.

ಅಣ್ಣ ತಮ್ಮ ತಂಗಿಯೋ ಅಂದೆ.
ಗೋವಾದ ವಿಮಾನ ಇಳಿಯುವವರೆಗೆ
ಮುಖವೂ ನೋಡಿರಲಿಲ್ಲ ಅಂದಳು.
ನಮ್ಮೂರಲ್ಲಿ ಕಲ್ಲೆಸೆದರೆ ಬೀಳುವುದು
ಒಬ್ಬ ಕುಜ್ನೆತ್ಸೋವನ ತಲೆಗೇ.
ಇಲ್ಲಿ ನಾಯ್ಕರ ತಲೆಗೆ ಅಂದೆ ನಾನು,
ಗುರಿ ತಪ್ಪಿದರೆ ತಾಂಡೇಲರಿಗೆ.

ತಂದೆಯ ಹೆಸರು ಎಂಬ ಕಲಂ ಖಾಲಿ ಬಿಟ್ಟಿದ್ದರು.
ಬೆರಳಿಟ್ಟು ತೋರಿಸಿದೆ.
ಅವಳು ಮೇಲಿನ ಸಾಲಿಗೆ ಬೆರಳಿಟ್ಟಳು:
ಗೆನ್ನಾದಿ ಪಾವ್ಲೊವಿಚ್ ಕುಜ್ನೆತ್ಸೋವ್.
ಅಪ್ಪ ಪಾವೆಲ್ ಅಲ್ಲೇ ನಡುವೆ ಕೂತಿದ್ದಾನಲ್ಲ!
ನನ್ನ ಎದೆಯ ಬಿಲ್ಲೆ ತಿರುಗಿಸಿ ತೋರಿಸಿದೆ:
ಉಲ್ಲಾಸ ದಾಮು ಆಚಾರಿ.
ಮುಂಬಯಿ ಸರಕಾರ ಬಿಟ್ಟು ಹೋಗಿ ಎಷ್ಟು ಕಾಲವಾಯ್ತು,
ನಮ್ಮ ಅಪ್ಪಂದಿರು ಮಾತ್ರ ನಡುವಿನ ಸೀಟು ಬಿಟ್ಟಿಲ್ಲ.

ಸಾಹೇಬರ ಸಹಿ ಬರುವವರೆಗೆ ಬೆಂಚಿನ ಮೇಲೆ ಮಾತು.
ಈ ಹೆಸರಿನ ಒಬ್ಬ ಅಡ್ಮಿರಲ್ ಇದ್ದನಂತೆ,
ಅವನ ಹೆಸರು ಹೊತ್ತು ಒಂದು ದೊಡ್ಡ ಹಡಗು,
ಆ ಹಡಗು ನೀರಿಗಿಂತ ದುರಸ್ತಿಯಲ್ಲೇ ಹೆಚ್ಚು ಇರುತ್ತದೆಂದು
ಗಿಡ್ಡ ಕುಜ್ನೆತ್ಸೋವ್ ನಕ್ಕ.
ಟೆನಿಸ್ ಕಪ್ಪು ಗೆದ್ದವಳು ಒಬ್ಬಳು.
ವಿಮಾನಕ್ಕೆ ಎಂಜಿನ್ ಮಾಡಿದವನೊಬ್ಬ,
ಅವನ ಎಂಜಿನ್ನು ನಿಮ್ಮ ಬೀಚಿನಲ್ಲೇ ನಿಂತಿದೆ, ನೋಡಿಲ್ಲವೇ?

ನೋಡಿದ್ದೆ. ಹೆಸರು ಕೇಳಿರಲಿಲ್ಲ.
ಹಾಗಂದರೆ ಅರ್ಥ ಏನು ಅಂದೆ.
ಲಿದಿಯಾ ತಡವರಿಸಿದಳು, ಶಬ್ದ ಸಿಗಲಿಲ್ಲ,
ಎಡಗೈ ಮುಷ್ಟಿಯ ಮೇಲೆ ಬಲಗೈ ಎತ್ತಿ ಎತ್ತಿ ಹೊಡೆದಳು.
ಬಾಯಿ ಉಬ್ಬಿಸಿ ಉಫ್ ಉಫ್ ತಿದಿ ಊದಿದಳು.

ಕಮ್ಮಾರ.

ಪೆನ್ನು ಕೆಳಗಿಟ್ಟೆ.
ಕಾಗದ ಹಾರದಂತೆ ರಿಜಿಸ್ಟರಿನ ಮೇಲೆ ಇಟ್ಟಿದ್ದು
ಅಪ್ಪ ಬಡಿದ ದೋಣಿಮೊಳೆ, ಗೇಣುದ್ದದ್ದು.
ಇದೇ ಗೇಟಿನ ಒಳಗೆ, ಎರಡನೇ ಬ್ಯಾರಿಯರ್ ದಾಟಿ ಎಡಕ್ಕೆ,
ಈಗ ಟೆನ್ನಿಸ್ ಕೋರ್ಟೋ ನೀರಿನ ಟ್ಯಾಂಕೋ ಇರುವಲ್ಲಿ
ನಮ್ಮ ಕುಲುಮೆ ಇತ್ತು.
ಲಂಗರು, ಕೊಯ್ತಿ, ತುರಿಮಣೆಯ ನಾಲಗೆ.
ಹಡಗುಗಳು ಬರುತ್ತವೆಂದು ನಾವು ಎದ್ದೆವು.
ಅಡಿಗಲ್ಲು ನಾಲ್ಕು ಜನ ಹೊತ್ತು ಲಾರಿಗೆ ಹಾಕಿದರು,
ತೋಡೂರಿನ ಕಾಲೊನಿಯಲ್ಲಿ ಅದರ ಮೇಲೆ ಈಗ
ಅವ್ವ ಬಟ್ಟೆ ಒಗೆಯುತ್ತಾಳೆ.

ಇದನ್ನೆಲ್ಲ ಹೇಳಲಿಲ್ಲ. ಹೇಳಲು ಫಾರ್ಮಿನಲ್ಲಿ ಕಲಂ ಇಲ್ಲ.
ಆಚಾರಿ ಅಂದರೂ ಅದೇ ಅಂದೆ, ಅಷ್ಟೇ.
ಉದ್ದದವನು ಮೊಳೆ ಎತ್ತಿ ಮೂಸಿದ,
ಅಂಗೈಯಲ್ಲಿ ತೂಗಿದ, ಏನೋ ಅಂದ.
ಲಿದಿಯಾ ಅನುವಾದ ಮಾಡಲಿಲ್ಲ.
ಉದ್ಯೋಗ ಎಂಬಲ್ಲಿ ಬರೆದಿದ್ದು: ವಿದ್ಯುತ್, ಪೈಪು, ಭಾಷೆ.
ಮೂವರಲ್ಲಿ ಒಬ್ಬರಿಗೂ ಸುತ್ತಿಗೆ ಹಿಡಿದು ಗೊತ್ತಿಲ್ಲ.
ನನಗೂ.

ಭಾನುವಾರ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು
ಬೀಚಿಗೆ ಕರೆತಂದೆ.
ಹಳೇ ಯುದ್ಧನೌಕೆಯ ಪಕ್ಕ ಆ ಬೂದು ವಿಮಾನ,
ಎಂಜಿನ್ನಿಗೆ ಎರಡೆರಡು ಪಂಖ, ಬೆನ್ನಿಗೆ ಹೊಟ್ಟೆ ತಾಗಿದಂತೆ.
ಒಂದು ಎಡಕ್ಕೆ ತಿರುಗಿದರೆ ಇನ್ನೊಂದು ಬಲಕ್ಕೆ
ಅಂತ ಹೇಳಿದೆ. ಅಪ್ಪ ನಂಬಲಿಲ್ಲ.
ಹಗ್ಗ ದಾಟಿ ಹೋಗಿ, ಕೊಡೆಯ ತುದಿಯಿಂದ
ಕೈಗೆಟುಕದ ರೆಕ್ಕೆಯನ್ನು ಟಣ್ ಎನ್ನಿಸಿ
ಕಿವಿ ಓರೆ ಮಾಡಿ ನಿಂತ. ಕಾವಲಿನವ ಸೀಟಿ ಊದಿದ.

ಹದ ಬಿದ್ದಿದೆ, ಅಂದ ಅಪ್ಪ. ಯಾರು ಮಾಡಿದ್ದು?

ಆಚಾರಿ, ಅಂದೆ. ರಶ್ಯಾದವ.

ಹೌದಾ, ಎಂದು ಮತ್ತೆ ಮೇಲೆ ನೋಡಿದ,
ಕಡಲಗಾಳಿಗೆ ಕಣ್ಣು ಕಿರಿದು ಮಾಡಿ.
ಅವನ ಕುಲುಮೆ ಈಗ ಎಲ್ಲಿದೆಯಂತೆ?